ತೊರೆಹಾಳ ಸೇತುವೆಯ ಮಿಡಿತ

ಮಧ್ಯಾಹ್ನ ಮೂರೂವರೆಗೆ ಸೇತುವೆಯ ನಾಲ್ಕನೆಯ ಸ್ಪ್ಯಾನಿನ ಅಂಕಿ ಮತ್ತೆ ಇಳಿಯಿತು. ನೀಲಗಂಗಾ ಹೊಸೂರ ತುಟಿಯವರೆಗೆ ತಂದಿದ್ದ ಚಹಾದ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ಪರದೆಯ ಮೇಲೆ ೩.೫೨ ಎಂದಿತ್ತು. ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಾಗ ೩.೫೮ ಇತ್ತು. ಮೂರು ವಾರಗಳ ಹಿಂದೆ ೩.೭೬.

‘ಹಾದಿ’ ಎಂಬ ಆ್ಯಪ್ ರಾಜ್ಯಕ್ಕೆ ಬಂದು ಆಗ ನಾಲ್ಕು ವರ್ಷವಾಗಿತ್ತು. ಮೊದಮೊದಲು ಅದೂ ಉಳಿದವುಗಳಂತೆ ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ ಎಂದು ಹೇಳುವ ಆ್ಯಪ್ ಅಷ್ಟೇ ಆಗಿತ್ತು. ಗಾಜಿಗೆ ಅಂಟಿಸುವ ರಬ್ಬರಿನ ಸ್ಟ್ಯಾಂಡುಗಳು ಅಲುಗಾಡಿ ಫೋನು ಬೀಳುತ್ತವೆ ಎಂದು, ಡ್ಯಾಶ್‌ಬೋರ್ಡಿಗೋ ಬೈಕಿನ ಹ್ಯಾಂಡಲಿಗೋ ತಿರುಪು ಹಾಕಿ ಬಿಗಿಯುವ ಉಕ್ಕಿನ ಸ್ಟ್ಯಾಂಡನ್ನು ಎಲ್ಲರಿಗೂ ಕೊಟ್ಟರು. ಆಮೇಲೆಯೇ ಯಾರ ಗಮನಕ್ಕೋ ಬಂದದ್ದು: ಹೀಗೆ ಗಟ್ಟಿಯಾಗಿ ಕೂತ ಫೋನಿಗೆ ರಸ್ತೆಯ ಗುಂಡಿಗಳಷ್ಟೇ ಅಲ್ಲ, ಸೇತುವೆಯ ನಡುಕವೂ ತಿಳಿಯುತ್ತದೆ. ಗಾಡಿ ಹಾಯ್ದಾಗ ಪ್ರತಿ ಸೇತುವೆಯೂ ಕಣ್ಣಿಗೆ ಕಾಣದಷ್ಟು ತೂಗುತ್ತದೆ, ಸೆಕೆಂಡಿಗೆ ಇಷ್ಟು ಸಲ ಎಂದು ತನ್ನದೇ ಲೆಕ್ಕದಲ್ಲಿ. ಒಂದು ಫೋನಿನಲ್ಲಿ ಅದು ಎಂಜಿನ್ನು, ಗಾಲಿ, ಹಾರ್ನುಗಳ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಹತ್ತು ಸಾವಿರ ಫೋನುಗಳ ನಡುಕವನ್ನು ಒಂದರ ಮೇಲೊಂದು ಇಟ್ಟರೆ ಗದ್ದಲ ಗದ್ದಲವನ್ನೇ ಅಳಿಸಿ, ಕೊನೆಗೆ ಉಳಿಯುವುದು ಸೇತುವೆಯ ಮಿಡಿತ, ಪರದೆಯ ಮೇಲಿನ ಆ ಅಂಕಿ. ಏಕತಾರಿಯ ತಂತಿ ಸಡಿಲಾದರೆ ಶ್ರುತಿ ಇಳಿಯುವಂತೆ, ತೊಲೆ ಬಿರುಕು ಬಿಟ್ಟರೆ ಅಥವಾ ಕಂಬದ ಮೇಲೆ ತಾನು ಕೂರುವ ಜಾಗದಿಂದ ಸರಿದರೆ ಆ ಮಿಡಿತ ನಿಧಾನವಾಗುತ್ತದೆ. ಬಿಸಿಲಿಗೂ ಸ್ವಲ್ಪ ಬದಲಾಗುತ್ತದೆ, ಹೊಳೆಯ ನೀರಿಗೂ ಬದಲಾಗುತ್ತದೆ. ಎಷ್ಟು ಇಳಿದರೆ ಅಪಾಯ ಎಂದು ಹೇಳುವ ಪುಸ್ತಕವನ್ನು ಮಾತ್ರ ಇನ್ನೂ ಯಾರೂ ಬರೆದಿರಲಿಲ್ಲ.

ತೊರೆಹಾಳದ ಮಾರ್ಗ ಕೇಂದ್ರದಲ್ಲಿ ನೀಲಗಂಗಾ ಹಗಲು ಪಾಳಿಯ ಮುಖ್ಯಸ್ಥೆ. ಎರಡು ಜಿಲ್ಲೆಗಳ ಅರವತ್ತಮೂರು ಸೇತುವೆಗಳು ಅವಳ ಕಣ್ಗಾವಲಿನಲ್ಲಿದ್ದವು. ಊರ ಮಗ್ಗುಲಲ್ಲೇ ಕೃಷ್ಣಾ ಹೊಳೆಗೆ ಕಟ್ಟಿದ್ದ ಒಂಬತ್ತು ಸ್ಪ್ಯಾನುಗಳ ಸೇತುವೆ ಅವುಗಳಲ್ಲಿ ಒಂದು. ಎರಡು ಕಂಬಗಳ ನಡುವಿನ ಒಂದೊಂದು ತುಂಡಿಗೂ ಒಂದೊಂದು ಅಂಕಿ. ಎಂಟು ಅಂಕಿಗಳು ಇದ್ದಲ್ಲೇ ಇದ್ದವು. ನಾಲ್ಕನೆಯದು ಮಾತ್ರ ಇಳಿಯುತ್ತಿತ್ತು.

ಅವಳು ಎದ್ದು ಮೇಲಧಿಕಾರಿ ಜಯತೀರ್ಥ ಗಲಗಲಿಯವರ ಕೋಣೆಗೆ ಹೋದಳು.

“ಸರ್, ಈಗ ಬಂದ್ ಮಾಡಿಸ್ಬೇಕ್ರಿ. ನಾಳಿಗೆ ಕಾಯೋದು ಬ್ಯಾಡ.”

ಗಲಗಲಿ ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದ, ಯಾರಿಗೂ ಕೆಟ್ಟದ್ದನ್ನು ಬಯಸದ ಮನುಷ್ಯ. “ಹೋದ ಬ್ಯಾಸಿಗ್ಯಾಗ ನೀವು ಬಂದ್ ಮಾಡಿಸಿದ್ರಲ್ಲ, ಅದು ನೆನಪದ ಏನ್ರಿ?”

“ಅದ ಸರ್.” ಅವಳಿಗೆ ಅರಿವಿಲ್ಲದೆ ತನ್ನ ‘ಐತಿ’ಯ ಬದಲು ಅವರ ‘ಅದ’ವೇ ಅವಳ ಬಾಯಿಗೆ ಬಂತು.

ಆ ಸಲ ಇನ್ನೊಂದು ಸೇತುವೆಯ ಅಂಕಿ ಇಳಿದಾಗ ಅವಳು ಒಂದಿಡೀ ದಿನ ಹೆದ್ದಾರಿ ನಿಲ್ಲಿಸಿದ್ದಳು. ತಪಾಸಣೆಯವರು ಬಂದು ನೋಡಿದರೆ ಬಿಸಿಲಿನ ಆಟ, ಬೇರೇನೂ ಇರಲಿಲ್ಲ. ಪೇಪರಿನವರು ನಕ್ಕರು. ಅಂದಿನಿಂದ ಸೇತುವೆ ಮುಚ್ಚುವ ಅಧಿಕಾರವನ್ನು ಕೇಂದ್ರದಿಂದ ತೆಗೆದುಹಾಕಿದ್ದರು. ಪತ್ರ ಬರೆಯಬೇಕು, ತಂಡ ಬರಬೇಕು, ತಂಡ ಹೇಳಬೇಕು.

“ಪತ್ರ ಮುಂಜಾನೇನೇ ಕಳಿಸೀನಿ. ನಾಳೆ ಹತ್ತಕ್ಕ ತಂಡ ಬರ್ತದ. ನಮ್ಮ ಕೈಯಾಗ ಇರೋದು ಅಷ್ಟೇ, ನೀಲಗಂಗಾ.”

“ಇವತ್ತ ಹೊಳಿ ಆಚಿ ಸಕ್ಕರಿ ಫ್ಯಾಕ್ಟರಿ ಚಾಲೂ ಆಗೈತ್ರಿ. ಐದರ ಮ್ಯಾಲ ಕಬ್ಬಿನ ಟ್ರ್ಯಾಕ್ಟರ್ ಸಾಲು ಹಚ್ಚತಾವ. ಒಂದೊಂದಕ್ಕ ಎರಡೆರಡು ಟ್ರೇಲರ್.”

ಗಲಗಲಿ ಕನ್ನಡಕ ಹಾಕಿಕೊಂಡು ಮುಂದಿದ್ದ ಕಾಗದ ನೋಡತೊಡಗಿದರು.

ಮನೆ ಕೇಂದ್ರದಿಂದ ಐದು ನಿಮಿಷದ ನಡಿಗೆ. ನೀಲಗಂಗಾ ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದಳು. ಅವಳ ಗಂಡ ಸಂಗನಬಸು ಅಂಗಳದಲ್ಲಿ ತನ್ನ ವ್ಯಾನಿನ ಗಾಜು ಒರೆಸುತ್ತಿದ್ದ. ಊರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೊಳೆಯಾಚೆಯ ಹಳ್ಳಿಗಳಿಂದ ಹತ್ತೊಂಬತ್ತು ಹೆಣ್ಣುಮಕ್ಕಳನ್ನು ಬೆಳಿಗ್ಗೆ ಕರೆತಂದು ಸಂಜೆ ಬಿಟ್ಟುಬರುವುದು ಅವನ ಕೆಲಸ.

“ಈ ಹೊತ್ತಿನ್ಯಾಗ ಯಾಕ ಬಂದಿ? ಮೈ ಹುಷಾರಿಲ್ಲೇನು?”

“ಇವತ್ತ ಸೇತುವೆ ಮ್ಯಾಲ ಹೋಗಬ್ಯಾಡ್ರಿ. ಬ್ಯಾರೇಜ್ ಒಡ್ಡಿನ ಮ್ಯಾಲಿನ ರಸ್ತಾ ಹಿಡದು ಹೋಗ್ರಿ.”

“ಮೂವತ್ನಾಲ್ಕು ಕಿಲೋಮೀಟರ್ ಸುತ್ತ ಆಕ್ಕೈತಲ್ಲ. ಅವ್ರು ಮನಿ ಮುಟ್ಟೂದು ಎಂಟು ಆಗ್ತೈತಿ. ಯಾಕ ಅಂತ ಕೇಳ್ತಾರ.”

ಅವಳು ಅಂಕಿಗಳ ಕಥೆಯನ್ನೆಲ್ಲ ಹೇಳಿದಳು. ಸಂಗನಬಸು ಒದ್ದೆ ಅರಿವೆಯನ್ನು ಹಿಂಡಿ ಬಾನೆಟ್ಟಿನ ಮೇಲೆ ಹಾಕಿದ. ಸ್ವಲ್ಪ ಹೊತ್ತು ಹೆಂಡತಿಯ ಮುಖ ನೋಡಿದ.

“ನನಗಷ್ಟ ಹೇಳಾಕ ಬಂದಿಯೇನು?”

ಅವಳು ಬಾನೆಟ್ಟಿನ ಮೇಲಿನ ಅರಿವೆಯನ್ನು ಮಡಿಸತೊಡಗಿದಳು.

“ಉಳಿದವ್ರಿಗೆ ಯಾರು ಹೇಳ್ತಾರ, ನೀಲಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ತಡೆಯಲಾಗಲಿಲ್ಲ. ನೀರು ಸಹ ಕುಡಿಯದೆ ತಿರುಗಿ ನಡೆದಳು.

ಕೇಂದ್ರದಲ್ಲಿ ಕೂತವರಿಗೆ ಸೇತುವೆ ಮುಚ್ಚುವ ಅಧಿಕಾರವಿರಲಿಲ್ಲ. ಆದರೆ ರಸ್ತೆಯ ಮೇಲೆ ಏನಾದರೂ ಅಡ್ಡ ಬಿದ್ದಿದ್ದರೆ ಅದನ್ನು ಆ್ಯಪಿನಲ್ಲಿ ನಮೂದಿಸುವ ಕೆಲಸ ಅವರದೇ. ಮರ ಬಿದ್ದಿದೆ, ಲಾರಿ ಕೆಟ್ಟಿದೆ, ಹೀಗೆ. ಒಮ್ಮೆ ನಮೂದಾದರೆ ಆ ದಾರಿಯ ಎಲ್ಲ ಗಾಡಿಗಳಿಗೂ ‘ಹಾದಿ’ ಬೇರೆ ದಾರಿ ತೋರಿಸುತ್ತಿತ್ತು. ಅಂಬುಲೆನ್ಸುಗಳೂ ಅಗ್ನಿಶಾಮಕದವರೂ ಅದನ್ನೇ ನಂಬಿ ಓಡುತ್ತಿದ್ದರು. ಹಾಗಾಗಿ ಸುಳ್ಳು ನಮೂದು ಮಾಡಿದವರಿಗೆ ಕೆಲಸ ಹೋಗುವುದಲ್ಲದೆ ಕೇಸೂ ಬೀಳುತ್ತಿತ್ತು. ಹೊಸದಾಗಿ ಸೇರಿದವರಿಗೆ ಆ ನಿಯಮವನ್ನು ಓದಿ ಹೇಳುತ್ತಿದ್ದವಳು ನೀಲಗಂಗಾಳೇ.

ನಾಲ್ಕು ಮೂವತ್ತೈದಕ್ಕೆ ಅವಳು ಬರೆದಳು: ತೊರೆಹಾಳ ಸೇತುವೆ ಮೇಲೆ ಟ್ರ್ಯಾಕ್ಟರ್ ಪಲ್ಟಿ. ಎರಡೂ ಬದಿ ಬಂದ್.

ಕೆಳಗೆ ತನ್ನ ಹೆಸರು ಒತ್ತುವಾಗ ಬೆರಳು ಒಂದು ಕ್ಷಣ ನಿಂತಿತು. ಒತ್ತಿದಳು.

ಪರದೆಯ ಮೇಲೆ ಸೇತುವೆಯ ಗೆರೆ ಕೆಂಪಾಯಿತು. ನೂರಾ ನಲವತ್ತು ಗಾಡಿಗಳ ಸ್ಟ್ಯಾಂಡುಗಳಲ್ಲಿ ಕೂತಿದ್ದ ಫೋನುಗಳು ಒಂದೇ ಹೆಣ್ಣುದನಿಯಲ್ಲಿ ಹೇಳಿದವು: ‘ಮುಂದೆ ಅಡಚಣೆ ಇದೆ. ಬ್ಯಾರೇಜ್ ರಸ್ತೆ ಹಿಡಿಯಿರಿ.’ ನೀಲಿ ಚುಕ್ಕೆಗಳು ಒಂದೊಂದಾಗಿ ನಿಂತವು, ಹೊರಳಿದವು. ನಾಲ್ಕು ಐವತ್ತರ ಹೊತ್ತಿಗೆ ಸೇತುವೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಆಗ ಅಂಕಿ ಬೂದು ಬಣ್ಣಕ್ಕೆ ತಿರುಗಿತು. ‘ಮಾಹಿತಿ ಇಲ್ಲ.’

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ. ಗಾಡಿ ಇಲ್ಲವೆಂದರೆ ಫೋನಿಲ್ಲ, ಫೋನಿಲ್ಲವೆಂದರೆ ಮಿಡಿತ ಕೇಳುವವರಿಲ್ಲ. ಖಾಲಿಯಾದ ಸೇತುವೆ ಅವಳ ಪಾಲಿಗೆ ಮೂಕವಾಗಿತ್ತು.

ಐದೂಕಾಲಿಗೆ ಸಂಗನಬಸುವಿನ ಕರೆ ಬಂತು. ಹಿಂದಿನಿಂದ ಹೆಣ್ಣುಮಕ್ಕಳ ದನಿ, ಎಂಜಿನ್ನುಗಳ ಗುಡುಗುಡು.

“ನೀಲಾ, ನಾ ಬ್ಯಾರೇಜ್ ಕ್ರಾಸಿಗೆ ಬಂದೀನಿ. ಕಾರು, ಬೈಕು ಎಲ್ಲಾ ತಿರುಗಾಕತ್ತಾವ. ಆದ್ರ ಕಬ್ಬಿನ ಟ್ರ್ಯಾಕ್ಟರ್ ಹಂಗ ಸೀದಾ ಹೊಂಟಾವ ನೋಡು. ಅವ್ರ ಹತ್ರ ಸ್ಟ್ಯಾಂಡ್ ಎಲ್ಲೈತಿ, ಆ್ಯಪ್ ಎಲ್ಲೈತಿ?”

ಯಾವ ಗಾಡಿಗಳಿಗೆ ಹೆದರಿದ್ದಳೋ ಅವನ್ನೇ ನೀಲಗಂಗಾ ಅವಸರದಲ್ಲಿ ಮರೆತಿದ್ದಳು. ಕೃಷಿ ಗಾಡಿಗಳಿಗೆ ‘ಹಾದಿ’ಯಿಂದ ವಿನಾಯಿತಿ ಇತ್ತು. ಅವು ಅವಳ ಪರದೆಯ ಮೇಲೆ ಎಂದೂ ಕಂಡದ್ದೇ ಇಲ್ಲ. ಎಲ್ಲಕ್ಕಿಂತ ಭಾರದ ಗಾಡಿಗಳು ಅವೇ, ಅವಳ ಲೆಕ್ಕದ ಹೊರಗಿದ್ದವೂ ಅವೇ.

“ಎಷ್ಟದಾವ?”

“ನನ್ನ ಕಣ್ಣಿಗೆ ಹನ್ನೊಂದು. ಮುಂದಿಂದು ಸೇತುವೆಗೆ ಇನ್ನ ಅರ್ಧ ಫರ್ಲಾಂಗು.”

“ರೀ, ಅಡ್ಡ ಹಾಕ್ರಿ ಗಾಡಿ.”

ಅವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ವ್ಯಾನಿನ ಎಂಜಿನ್ನು ಒಮ್ಮೆಲೇ ಜೋರಾಯಿತು. ಹಾರ್ನು, ಬ್ರೇಕಿನ ಕೀರಲು, ಯಾರದೋ ಬೈಗುಳ. ಫೋನು ಸ್ಟ್ಯಾಂಡಿನಲ್ಲೇ ಇದ್ದುದರಿಂದ ಎಲ್ಲವೂ ಅವಳಿಗೆ ಕೇಳಿಸುತ್ತಿತ್ತು. ಪರದೆಯಲ್ಲಿ ಅವನ ಚುಕ್ಕೆ ಸೇತುವೆಯ ಬಾಯಿಯಲ್ಲಿ ಬಂದು ನಿಂತಿತು.

“ಏ ತಮ್ಮಾ, ತಲಿ ಕೆಟ್ಟೈತೇನು? ಬ್ರಿಜ್ ಖಾಲಿ ಐತಿ, ಅಡ್ಡ ಯಾಕ ನಿಲ್ಸಿದಿ?” ಮುಂದಿನ ಟ್ರ್ಯಾಕ್ಟರಿನ ಚಾಲಕನಿರಬೇಕು, ವಯಸ್ಸಾದ ದನಿ.

“ಕಾಕಾ, ಸೇತುವಿ ಕುಸಿಯೂ ಹಂಗ ಆಗೈತಿ. ನನ್ನ ಹೆಂಡ್ತಿ ಅಲ್ಲೇ ಕಂಟ್ರೋಲ್ ರೂಮಿನ್ಯಾಗ ಕೆಲಸ ಮಾಡ್ತಾಳ.”

“ನಿನ್ನ ಹೆಂಡ್ತಿ ಹೇಳಿದ್ರ ನಾ ಕಬ್ಬ ಒಣಗಿಸ್ಲೇನು? ತಗಿ ಗಾಡಿ, ಇಲ್ಲಂದ್ರ ದಬ್ಬಿ ಹೊಕ್ಕೀನಿ.”

ಬಾಗಿಲು ಸರಿದ ಸದ್ದು. ಚಪ್ಪಲಿಗಳ ಸದ್ದು. ವ್ಯಾನಿನ ಹೆಣ್ಣುಮಕ್ಕಳಲ್ಲಿ ಹಿರಿಯಳಾದ ದಾನಮ್ಮನ ದನಿಯನ್ನು ನೀಲಗಂಗಾ ಗುರುತು ಹಿಡಿದಳು. “ಬರ್ರೇ ಎಲ್ಲಾರೂ, ಇಲ್ಲೇ ಕುಂದ್ರೂಣು. ಯಜಮಾನ್ರ, ದಬ್ಬೂದಿದ್ರ ನಮ್ಮನ್ನ ಮೊದಲ ದಬ್ರಿ.”

ಸ್ವಲ್ಪ ಹೊತ್ತು ಎಂಜಿನ್ನುಗಳ ಸದ್ದಷ್ಟೇ ಕೇಳಿಸಿತು. ಆಮೇಲೆ ಮುಂದಿನದು ನಿಂತಿತು, ಹಿಂದಿನದೂ ನಿಂತಿತು.

ಭುಜದ ಹಿಂದೆ ಯಾರೋ ನಿಂತಂತಾಗಿ ನೀಲಗಂಗಾ ತಿರುಗಿದಳು. ಗಲಗಲಿ ಪರದೆಯ ಕೆಂಪು ಗೆರೆಯನ್ನು, ಅದರ ಕೆಳಗಿನ ಹೆಸರನ್ನು ನೋಡುತ್ತಿದ್ದರು.

“ಪಲ್ಟಿ ಆಗೇದೇನ್ರಿ?”

“ಇಲ್ಲ ಸರ್.”

ಅವರ ಕೈ ಕೀಲಿಮಣೆಯತ್ತ ಬಂತು. ಅಳಿಸಲು ಒಂದೇ ಒತ್ತು ಸಾಕಿತ್ತು. “ಇದು ಜೈಲಿನ ಮಾತು, ಗೊತ್ತದ ಏನು ನಿಮಗ?”

“ಗೊತ್ತೈತ್ರಿ. ಅಳಿಸಿದ್ರ ಅವರೆಲ್ಲಾ ತಿರುಗಿ ಬರ್ತಾರ ಸರ್.”

ಆಗಲೇ ಇನ್ನೊಂದು ಕರೆ ಬಂತು. ಅವಳು ಸ್ಪೀಕರಿಗೆ ಹಾಕಿದಳು.

“ಕಂಟ್ರೋಲ್, ನಾನು ಅಂಬುಲೆನ್ಸ್ ಡ್ರೈವರ್ ರಾಜೇಸಾಬ. ಹೊಳಿ ಆಚಿ ದಂಡಿಗೆ ನಿಂತೀನ್ರಿ. ಪಲ್ಟಿ ಅಂತ ತೋರಿಸ್ತೈತಿ, ಇಲ್ಲಿ ಸೈಕಲ್ ಸುದ್ದಾ ಇಲ್ಲ. ಗಾಡ್ಯಾಗ ಹಾವು ಕಡದ ಹೆಣ್ಮಗಳು ಅದಾಳ್ರಿ, ಕಬ್ಬು ಕಡಿಯಾಕ ಬಂದಾಕಿ. ಉಸಿರು ಕಮ್ಮಿ ಆಗಾಕತ್ತೈತಿ. ಬ್ಯಾರೇಜ್ ಮ್ಯಾಲ ಹ್ವಾದ್ರ ಒಂದು ತಾಸು. ಅಷ್ಟೊತ್ತು ತಡಿಯೂದಿಲ್ಲ. ದಾಟ್ಲೇನ್ರಿ?”

ಗಲಗಲಿಯವರ ಕೈ ಕೀಲಿಮಣೆಯ ಮೇಲೆಯೇ ನಿಂತಿತು.

ನೀಲಗಂಗಾ ಕಣ್ಣು ಮುಚ್ಚಿದಳು. ರೋಗಿಯೂ ಸೇರಿ ಮೂರು ಟನ್ನಿನ ಗಾಡಿ. ದಾಟಿದರೂ ದಾಟೀತು. ಆದರೆ ಅವಳು ಕೊನೆಯ ಸಲ ಮಿಡಿತ ಕೇಳಿ ಅರ್ಧ ಗಂಟೆಯ ಮೇಲಾಗಿತ್ತು.

“ಗಾಡಿ ಬ್ಯಾಡ್ರಿ. ನಿಮ್ಮ ಸ್ಟ್ರೆಚರಿಗೆ ಗಾಲಿ ಅದಾವಲ್ಲ, ತಳ್ಳಿಕೊಂಡು ಬರ್ರಿ. ಈಚಿ ದಂಡಿಗೆ ವ್ಯಾನ್ ಐತಿ, ಸೀದಾ ದವಾಖಾನಿಗೆ ಒಯ್ತಾರ. ಎಷ್ಟು ಮಂದಿ ಅದೀರಿ?”

“ನಾನು, ಆಕಿ ಗಂಡ.” ರಾಜೇಸಾಬ ಉಸಿರು ತೆಗೆದುಕೊಂಡ. “ಸೇತುವಿಗೆ ಏನಾಗೈತ್ರಿ ಮ್ಯಾಡಮ್?”

“ಬೀಳಬಹುದ್ರಿ. ನನಗ ಖಾತ್ರಿ ಇಲ್ಲ.”

ಅಷ್ಟನ್ನು ಹೇಳದೆ ಕರೆಯಲು ಅವಳ ಮನಸ್ಸು ಒಪ್ಪಲಿಲ್ಲ. ಅತ್ತ ಕಡೆ ಇಬ್ಬರೂ ಏನೋ ಮಾತಾಡಿಕೊಂಡರು. “ಬರ್ತೀವ್ರಿ” ಎಂದ ರಾಜೇಸಾಬ.

ಅವಳು ಗಂಡನ ಕರೆಗೆ ಮರಳಿದಳು. “ರೀ, ನಿಮ್ಮ ಫೋನು ಸ್ಟ್ಯಾಂಡ್ ಸಮೇತ ಬಿಚ್ಚಿಕೊಂಡು ನಾಲ್ಕನೇ ಸ್ಪ್ಯಾನಿಗೆ ಹೋಗ್ರಿ. ಬದಿಗಿನ ಕಬ್ಬಿಣದ ಕಟಾಂಜನಕ್ಕ ಬಿಗೀರಿ, ಎಷ್ಟು ಬಿಗಿ ಆಕ್ಕೈತೋ ಅಷ್ಟು. ಬಿಗಿದು ಹಿಂದ ಬರ್ರಿ. ದಾನಮ್ಮನ ಫೋನಿನ್ಯಾಗ ಮಾತಾಡ್ರಿ.”

“ಆತು” ಎಂದ ಸಂಗನಬಸು. ಯಾಕೆ ಎಂದು ಕೇಳಲಿಲ್ಲ.

ಎರಡು ನಿಮಿಷ ಹೋದವು. ಗಲಗಲಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ತಮ್ಮ ಫೋನಿನಲ್ಲಿ ಸಕ್ಕರೆ ಫ್ಯಾಕ್ಟರಿಯ ಯಾರಿಗೋ ಕರೆ ಮಾಡಿದರು. “ಹೌದ್ರಿ, ಇವತ್ತು ಒಂದೂ ಬ್ಯಾಡ. ತಡದುಬಿಡ್ರಿ. ನನ್ನ ಹೆಸರಿಲೆ ಬರಕೊಳ್ಳಿ, ಜಯತೀರ್ಥ ಗಲಗಲಿ.”

ಬೂದು ಅಂಕಿ ಒಮ್ಮೆ ಮಿನುಗಿ ಬಣ್ಣ ಪಡೆಯಿತು. ೩.೨೧.

ಗಾಳಿ, ಹೊಳೆಯ ನೀರು, ಮೂರು ಜನರ ಹೆಜ್ಜೆ, ಇಷ್ಟೇ ಸೇತುವೆಯನ್ನು ತೂಗುತ್ತಿದ್ದದ್ದು. ಇದು ಬಿಸಿಲಿನ ಆಟವಲ್ಲ. ೩.೧೯.

“ಬಿಗದೀನಿ” ಎಂಬ ಗಂಡನ ದನಿ ದಾನಮ್ಮನ ಫೋನಿನಿಂದ ಬಂತು. “ನೀಲಾ, ಇಲ್ಲಿ ರಸ್ತಾ ಜೋಡಿಸಿದ್ದ ಕಡೆ ಮೆಟ್ಟಿಲದಂಗ ಕುಸದೈತಿ. ಗೇಣಿನಷ್ಟು. ಮುಂಜಾನೆ ನಾ ದಾಟಿದಾಗ ಇರಲಿಲ್ಲ.”

“ಹಿಂದ ಬರ್ರಿ.”

“ಸ್ಟ್ರೆಚರ್ ಬರಾಕತ್ತೈತಿ. ಮೆಟ್ಟಿಲಕ್ಕ ಗಾಲಿ ಸಿಗ್ತಾವ, ಇಬ್ಬರ ಕೈಲೆ ಎತ್ತಾಕ ಆಗೂದಿಲ್ಲ.”

“ಹಿಂದ ಬರ್ರಿ ಅಂದೆ.”

ಫೋನಿನಲ್ಲಿ ಗಾಳಿ ಬೀಸುತ್ತಿತ್ತು. ಅಷ್ಟರಲ್ಲಿ ಪರದೆಯ ಮೇಲಿನ ನಡುಕದ ಗೆರೆ ಗಿಜಿಗುಟ್ಟಿತು. ಕಟಾಂಜನಕ್ಕೆ ಕಟ್ಟಿದ ಫೋನಿಗೆ ಹೊಸ ಹೆಜ್ಜೆಗಳು ಕೇಳಿಸುತ್ತಿದ್ದವು, ಓಡುವ ಹೆಜ್ಜೆಗಳು, ನಾಲ್ಕೋ ಐದೋ ಜನರದು. ಯಾರೂ ಅವರನ್ನು ಕರೆದಿರಲಿಲ್ಲ. ದಾನಮ್ಮನ ಏದುಸಿರು ಹತ್ತಿರ ಬಂತು. “ನೀ ಆ ಕಡೆ ಹಿಡಿ ಮೆಹಬೂಬಿ. ತಲಿ ಕಡೆ ಎತ್ರಿ. ಅಕಿ ಕೈ ಒಳಗ ತಗೋರಿ.”

೩.೦೮.

ನೀಲಗಂಗಾ ಮೇಜಿನ ಅಂಚನ್ನು ಹಿಡಿದುಕೊಂಡಳು. ಬೇಗ ಬನ್ನಿ ಎಂದು ಕೂಗಬೇಕೆನಿಸಿತು. ಆದರೆ ಅವರು ಹೆದರಿ ಒಟ್ಟಿಗೆ ಓಡಿದರೆ ಆ ಕುಣಿತವೇ ತೊಲೆಗೆ ಸಾಕಾದೀತು.

“ದಾನಮ್ಮ, ಓಡಬ್ಯಾಡ್ರಿ” ಎಂದಳು, ಆದಷ್ಟು ಮೆಲ್ಲಗೆ. “ಒಬ್ಬರ ಹಿಂದ ಒಬ್ಬರು ನಡದು ಬರ್ರಿ. ಹೆಜ್ಜಿ ಕೂಡಿಸಿ ಹಾಕಬ್ಯಾಡ್ರಿ.”

ಗಾಲಿಗಳು ಟಾರಿನ ಮೇಲೆ ಉರುಳುವ ಸದ್ದು. ೩.೦೧. ಯಾರೋ ಅಲ್ಲಾಹುವನ್ನೂ ಯಾರೋ ಯಲ್ಲಮ್ಮನನ್ನೂ ನೆನೆಯುತ್ತಿದ್ದರು. ೨.೯೬. ಗಲಗಲಿ ಪರದೆಯಿಂದ ಕಣ್ಣು ಕೀಳದೆ ಕೂತಿದ್ದರು.

“ಬಂದ್ವಿ” ಎಂದ ಸಂಗನಬಸು ಕೊನೆಗೆ. “ಎಲ್ಲಾರೂ ಬಂದ್ವಿ. ನಾ ದವಾಖಾನಿಗೆ ಹೊಂಟೆ.”

ಆರು ಗಂಟೆ ಹತ್ತು ನಿಮಿಷಕ್ಕೆ ಅಂಕಿ ೨.೪ಕ್ಕೆ ಜಾರಿ ಅಲ್ಲಿಂದ ಸೊನ್ನೆಯಾಯಿತು. ಕಿಟಕಿಯ ಗಾಜುಗಳು ಝಲ್ಲೆಂದವು. ನಾಲ್ಕನೆಯ ಸ್ಪ್ಯಾನು ಒಂದು ತುದಿ ಕಳಚಿ ಹೊಳೆಗೆ ಮುಖಮಾಡಿ ಬಿದ್ದಿತ್ತು. ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹಾವು ಕಚ್ಚಿಸಿಕೊಂಡಿದ್ದ ಲಕ್ಕವ್ವ ಮೂರನೆಯ ದಿನ ಕಣ್ಣು ಬಿಟ್ಟಳು. ಊರಿನವರು ನೀಲಗಂಗಾಳ ಮನೆಗೆ ಬಂದು ಕೈ ಮುಗಿದು ಹೋದರು. ವಿಚಾರಣೆಯಲ್ಲಿ “ಸುಳ್ಳು ನಮೂದು ಮಾಡಿದ್ದು ನೀವೇನಾ?” ಎಂದು ಕೇಳಿದಾಗ ಅವಳು ಹೌದೆಂದಳು. ಗಲಗಲಿಯವರು ತಮ್ಮ ಒಪ್ಪಿಗೆಯಿತ್ತು ಎಂದು ಬರೆದುಕೊಡಲು ಹೋದರೆ ಅವಳೇ ತಡೆದಳು. ಕೇಸು ಹಾಕಲಿಲ್ಲ, ಆದರೆ ಕೆಲಸದಿಂದ ಬಿಡಿಸಿದರು. ಅದು ಅವಳಿಗೆ ಅನ್ಯಾಯವೆಂದು ಅನ್ನಿಸಲಿಲ್ಲ.

ಅವಳ ನಿದ್ದೆ ಕೆಡಿಸಿದ್ದು ಬೇರೆ. ಆ ಸಂಜೆ ಬ್ಯಾರೇಜ್ ರಸ್ತೆಯ ತಿರುವಿನಲ್ಲಿ ಒಂದು ಬೈಕು ಕಲ್ಲಿಗೆ ಬಡಿದು, ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವ ಪರಸಪ್ಪ ಎಂಬವನು ಸತ್ತಿದ್ದ. ಇಪ್ಪತ್ತೆಂಟು ವರ್ಷ. ವಿಚಾರಣೆಗೆ ಕೊಟ್ಟ ಕಾಗದಗಳಲ್ಲಿ ಅವನ ಫೋನು ದಾಟಿದ ದಾರಿಯೂ ಇತ್ತು. ನಾಲ್ಕು ನಲವತ್ತೊಂಬತ್ತಕ್ಕೆ ‘ಹಾದಿ’ ಅವನಿಗೆ ಹೊರಳು ಎಂದಿತ್ತು, ಅವನು ಹೊರಳಿದ್ದ. ಆ ದಾರಿಯಲ್ಲಿ ಅವನು ಹಿಂದೆಂದೂ ಹೋಗಿರಲಿಲ್ಲ.

ಒಂದು ತಿಂಗಳ ಮೇಲೆ ಒಂದು ಬೆಳಿಗ್ಗೆ ಅವಳು ಹೊಳೆಯಾಚೆಯ ಅವನ ಊರಿಗೆ ಹೋದಳು. ಸಂಗನಬಸು ವ್ಯಾನನ್ನು ಊರ ಅಗಸಿ ಬಾಗಿಲಲ್ಲೇ ನಿಲ್ಲಿಸಿಕೊಂಡು ಕೂತ. ಪರಸಪ್ಪನ ಅಕ್ಕ ಯಲ್ಲವ್ವ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದಳು. ತಂದೆ ತಾಯಿ ಇಲ್ಲದ ತಮ್ಮನನ್ನು ಬೆಳೆಸಿದವಳು ಅವಳೇ ಎಂದು ನೀಲಗಂಗಾ ದಾರಿಯಲ್ಲೇ ಕೇಳಿ ತಿಳಿದಿದ್ದಳು. ಹೆಸರು ಹೇಳಿದಳು.

“ಸೇತುವಿ ಮಂದಿ ಉಳಿಸಿದ ಅಕ್ಕಾರು ನೀವೇನ್ರಿ? ಕುಂದ್ರಿ” ಎಂದಳು ಯಲ್ಲವ್ವ, ಮಣೆ ಕೊಟ್ಟು. “ಅಲ್ಲಿ ಟ್ರ್ಯಾಕ್ಟರ್ ಬಿದ್ದಿತ್ತಂತ. ಅದಕ್ಕ ಅಂವಾ ಸುತ್ತ ಹಾಕಿ ಬಂದ ಅಂತ ಪೊಲೀಸ್ರು ಹೇಳಿದ್ರು.”

“ಟ್ರ್ಯಾಕ್ಟರ್ ಬಿದ್ದಿರಲಿಲ್ಲಬೇ. ಬಿದ್ದೈತಿ ಅಂತ ನಾ ಬರದಿದ್ದೆ.”

ಯಲ್ಲವ್ವನ ಕೈ ಸೊಪ್ಪಿನ ಮೇಲೆ ನಿಂತಿತು. ಆಮೇಲೆ ಒಂದೇ ಮಾತು ಕೇಳಿದಳು. “ಅಂವಾ ಸೇತುವಿ ಮ್ಯಾಲ ಬಂದಿದ್ರ ಉಳೀತಿದ್ದನೇನು?”

ಗೊತ್ತಿಲ್ಲ ಎಂದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ವಿಚಾರಣೆಯವರೂ ಹಾಗೇ ಬರೆದುಕೊಂಡಿದ್ದರು. ಆದರೆ ನೀಲಗಂಗಾ ಆ ಕಾಗದಗಳನ್ನು ಎಷ್ಟು ಸಲ ನೋಡಿದ್ದಳೋ. ನಾಲ್ಕು ಐವತ್ತೆರಡಕ್ಕೆ ಅವನು ಸೇತುವೆ ಹತ್ತುತ್ತಿದ್ದ. ಐವತ್ತಮೂರಕ್ಕೆ ಇಳಿಯುತ್ತಿದ್ದ. ಮೊದಲ ಟ್ರ್ಯಾಕ್ಟರು ಬರಲು ಇನ್ನೂ ಇಪ್ಪತ್ತು ನಿಮಿಷ ಇತ್ತು.

“ಉಳೀತಿದ್ದ” ಎಂದಳು. “ದಾಟಿ ಮನಿಗೆ ಬರ್ತಿದ್ದ.”

ಯಲ್ಲವ್ವ ಎದ್ದು ಒಳಗೆ ಹೋದಳು. ಒಳಗಿನಿಂದ ಅಳುವ ಸದ್ದೂ ಬರಲಿಲ್ಲ, ಬೈಯುವ ಸದ್ದೂ ಬರಲಿಲ್ಲ. ನೀಲಗಂಗಾ ಮಣೆಯ ಮೇಲೆ ಹಾಗೆಯೇ ಕೂತಿದ್ದಳು. ಎದ್ದು ಹೋಗುವ ಹಕ್ಕು ತನಗಿಲ್ಲ ಅನಿಸಿತು. ಬಿಸಿಲು ಕಟ್ಟೆಯ ಅಂಚಿನಿಂದ ಅವಳ ಪಾದದವರೆಗೆ ಬಂತು.

ಕೊನೆಗೆ ಯಲ್ಲವ್ವ ಹೊರಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖ ತೊಳೆದುಕೊಂಡಿದ್ದಳು.

“ಎಲ್ಲಾರೂ ಬಂದು ಅವನ ಹಣೆಬರಹ ಅಂದು ಹ್ವಾದ್ರು” ಎಂದಳು. “ನೀವೊಬ್ರು ಖರೆ ಹೇಳಿದ್ರಿ. ಇನ್ನ ಹೋಗ್ರಿ. ಮತ್ತ ಬರಬ್ಯಾಡ್ರಿ.”

ನೀಲಗಂಗಾ ಎದ್ದು ನಿಂತು ಕೈ ಮುಗಿದಳು. ಯಲ್ಲವ್ವ ಮುಗಿಯಲಿಲ್ಲ, ಆದರೆ ಬಾಗಿಲನ್ನೂ ಹಾಕಿಕೊಳ್ಳಲಿಲ್ಲ. ನೀಲಗಂಗಾ ಓಣಿಯ ತಿರುವು ದಾಟುವವರೆಗೂ ಅಲ್ಲೇ ನೋಡುತ್ತ ನಿಂತಿದ್ದಳು.